ಮಂದದೃಷ್ಟಿ ಸಾಧನಗಳು ಹಾಗೂ ರೋಗಿಗಳ ಜೀವನ ಗುಣಮಟ್ಟ

ಪೀಠಿಕೆ

ಶಸ್ತ್ರಚಿಕಿತ್ಸೆ, ಔಷಧೋಪಚಾರ ಹಾಗೂ ಸಾಮಾನ್ಯ ಕನ್ನಡಕದಿಂದ ಸರಿಪಡಿಸಲಾಗದ, ಆದರೆ ಸಂಪೂರ್ಣ ಅಂಧತ್ವವೂ ಅಲ್ಲದ ದೃಷ್ಟಿನಷ್ಟವನ್ನು ಮಂದದೃಷ್ಟಿ ಎಂದು ಕರೆಯಲಾಗುತ್ತದೆ. ಇಂತಹ ವ್ಯಕ್ತಿಗಳಲ್ಲಿ ಉಳಿದಿರುವ ನೋಟವನ್ನು ದಿನನಿತ್ಯದ ಕೆಲಸಕ್ಕೆ ಒದಗುವಂತೆ ಮಾಡುವ ಭೂತಗನ್ನಡಿ, ವಿಶೇಷ ಕನ್ನಡಕ, ದೂರದರ್ಶಕ, ದೀಪ, ಓದುವ ಪೀಠ ಮುಂತಾದವುಗಳಿಗೆ ಮಂದದೃಷ್ಟಿ ಸಾಧನಗಳೆಂದು ಹೆಸರು. ಕಣ್ಣಿನ ಆಸ್ಪತ್ರೆಗಳಲ್ಲಿ ಅನೇಕ ರೋಗಿಗಳು "ಇನ್ನು ಮಾಡುವುದಕ್ಕೆ ಏನೂ ಇಲ್ಲ" ಎಂಬ ಮಾತನ್ನು ಕೇಳಿ ಮನೆಗೆ ಹಿಂದಿರುಗುತ್ತಾರೆ. ಈ ಮಾತು ಚಿಕಿತ್ಸೆಯ ಮಟ್ಟಿಗೆ ನಿಜವಿರಬಹುದು. ಓದು, ಅಡುಗೆ, ನಡಿಗೆ, ಉದ್ಯೋಗಗಳ ಮಟ್ಟಿಗೆ ನಿಜವಲ್ಲ. ಚಿಕಿತ್ಸೆ ಮುಗಿದ ನಂತರ ಉಳಿಯುವ ಈ ಕೆಲಸದ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ ನೀಡುವುದು ಈ ಲೇಖನದ ಉದ್ದೇಶವಾಗಿರುತ್ತದೆ.

ಮಂದದೃಷ್ಟಿ ಎಂದರೇನು?

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ ಪ್ರಕಾರ ಉತ್ತಮ ಕಣ್ಣಿನಲ್ಲಿ, ಅತ್ಯುತ್ತಮ ಕನ್ನಡಕ ಧರಿಸಿದ ನಂತರವೂ, ದೃಷ್ಟಿಯು 6/18ಕ್ಕಿಂತ ಕಡಿಮೆಯಾಗಿ 3/60ರವರೆಗೆ ಇದ್ದಲ್ಲಿ, ಅಥವಾ ನೋಟದ ವ್ಯಾಪ್ತಿಯು 40 ಡಿಗ್ರಿಗಿಂತ ಕಡಿಮೆಯಾಗಿ 10 ಡಿಗ್ರಿಯವರೆಗೆ ಇದ್ದಲ್ಲಿ ಅದನ್ನು ಮಂದದೃಷ್ಟಿ ಎಂದು ಪರಿಗಣಿಸಲಾಗುತ್ತದೆ. ಅದಕ್ಕಿಂತ ಕೆಳಗಿನದು ಅಂಧತ್ವ. 6/60 ಎಂದರೆ ಸಾಮಾನ್ಯ ದೃಷ್ಟಿಯುಳ್ಳವರು 60 ಮೀಟರ್ ದೂರದಿಂದ ಗುರುತಿಸುವ ಅಕ್ಷರವನ್ನು ಆ ವ್ಯಕ್ತಿಯು 6 ಮೀಟರ್ ಸಮೀಪಕ್ಕೆ ಬಂದಾಗ ಮಾತ್ರ ಗುರುತಿಸಬಲ್ಲನು ಎಂದು ಅರ್ಥ. ಆಸ್ಪತ್ರೆಯ ಗೋಡೆಯ ಮೇಲಿರುವ ಫಲಕದ ತುತ್ತತುದಿಯ ದೊಡ್ಡ ಅಕ್ಷರವೇ ಅದು; ಅದರ ಎತ್ತರ ಸುಮಾರು 9 ಸೆಂಟಿಮೀಟರ್.

ದೇಶದಲ್ಲಿ 2015 ರಿಂದ 2019ರ ಅವಧಿಯಲ್ಲಿ ಕೈಗೊಂಡ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅಂಧತ್ವದ ಪ್ರಮಾಣವು ಶೇ. 0.36 ಹಾಗೂ ಒಟ್ಟು ದೃಷ್ಟಿದೋಷದ ಪ್ರಮಾಣವು ಶೇ. 2.55 ಎಂದು ಅಂದಾಜಿಸಲಾಗಿದೆ. ಈ ಎರಡನೆಯ ಅಂಕಿಯಲ್ಲಿರುವ ಎಲ್ಲರೂ ಮಂದದೃಷ್ಟಿಯವರಲ್ಲ. ಪೊರೆ ತೆಗೆಸಿದರೆ ಅಥವಾ ಸರಿಯಾದ ಕನ್ನಡಕ ಕೊಡಿಸಿದರೆ ಕಾಣುವವರೂ ಅದರಲ್ಲಿ ಸೇರಿದ್ದಾರೆ. ಆದುದರಿಂದ ಯಾವುದೇ ವ್ಯಕ್ತಿಯನ್ನು ಮಂದದೃಷ್ಟಿಯವರೆಂದು ತೀರ್ಮಾನಿಸುವ ಮೊದಲು ಪೊರೆ ಮತ್ತು ಕನ್ನಡಕದ ಪರೀಕ್ಷೆಯು ಪೂರ್ಣಗೊಂಡಿರತಕ್ಕದ್ದು.

ಕರ್ನಾಟಕದಲ್ಲಿ ನೇತ್ರಸೇವೆಯ ಇತಿಹಾಸವು ಬಹುಮಟ್ಟಿಗೆ ಪೊರೆಯ ಶಸ್ತ್ರಚಿಕಿತ್ಸೆಯ ಇತಿಹಾಸವೇ ಆಗಿದೆ. ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಯು ಶತಮಾನ ದಾಟಿದ ಸಂಸ್ಥೆ. ಬೀಳಗಿಯವರಾದ ಡಾ. ಎಂ.ಸಿ. ಮೋದಿಯವರು (1916–2005) ಊರೂರಿಗೆ ಶಿಬಿರಗಳನ್ನು ಕೊಂಡೊಯ್ದು ಅಪಾರ ಸಂಖ್ಯೆಯಲ್ಲಿ ಶಸ್ತ್ರಚಿಕಿತ್ಸೆ ನಡೆಸಿದರು. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಮುಖ್ಯ ಗುರಿಯೂ ಪೊರೆಯೇ ಆಗಿತ್ತು. ಕಟ್ಟು ಬಿಚ್ಚಿದೊಡನೆ ಕಣ್ಣು ಬಂತು ಎಂಬ ಅನುಭವವು ಮನೆಮನೆಗೂ ಪರಿಚಿತವಾದುದರಿಂದ, ಕಣ್ಣಿನ ವೈದ್ಯರ ಬಳಿ ಹೋದರೆ ಒಂದೇ ದಿನದಲ್ಲಿ ಫಲ ದೊರೆಯಬೇಕೆಂಬ ನಿರೀಕ್ಷೆಯೂ ಬೆಳೆದಿದೆ. ಮಂದದೃಷ್ಟಿ ಸೇವೆಯಲ್ಲಿ ಅಂತಹ ದಿನವೆಂಬುದು ಇಲ್ಲ. ಇಲ್ಲಿ ಫಲವು ವಾರಗಟ್ಟಲೆ ಅಭ್ಯಾಸದಿಂದ ಬರುತ್ತದೆ.

ಸವಳಂಗ ರಸ್ತೆಯ ಒಂದು ಲೆಕ್ಕ

ದೃಷ್ಟಿಯ ಅಂಕಿಗಳು ಬದುಕಿನಲ್ಲಿ ಏನಾಗಿ ಪರಿಣಮಿಸುತ್ತವೆ ಎಂಬುದನ್ನು ತಿಳಿಯಲು ಶಿವಮೊಗ್ಗ ನಗರದ ಸವಳಂಗ ರಸ್ತೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ನಗರದಿಂದ ನವುಲೆಯ ಮೂಲಕ ಸವಳಂಗಕ್ಕೂ ಅಲ್ಲಿಂದ ಶಿಕಾರಿಪುರಕ್ಕೂ ಹೋಗುವ ಈ ರಸ್ತೆಯಲ್ಲಿ ಜವಾಹರಲಾಲ್ ನೆಹರು ರಾಷ್ಟ್ರೀಯ ತಾಂತ್ರಿಕ ಕಾಲೇಜು ಇದ್ದು, ಸಿಟಿ ಬಸ್ಸುಗಳೂ ಊರೂರಿನ ಬಸ್ಸುಗಳೂ ಸಂಚರಿಸುತ್ತವೆ. ಬಸ್ಸಿನ ಫಲಕವನ್ನು ಸಾಮಾನ್ಯ ದೃಷ್ಟಿಯುಳ್ಳವರು 60 ಮೀಟರ್ ದೂರದಿಂದ ಓದಬಲ್ಲರು ಎಂದಿಟ್ಟುಕೊಳ್ಳೋಣ. ಬಸ್ಸು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಬರುತ್ತಿದ್ದರೆ ಓದಿ, ಕೈ ತೋರಿಸಿ ನಿಲ್ಲಿಸಲು ಅವರಿಗೆ ಸುಮಾರು 11 ಸೆಕೆಂಡ್ ದೊರೆಯುತ್ತದೆ. 6/60 ದೃಷ್ಟಿಯುಳ್ಳವರಿಗೆ ಅದೇ ಫಲಕವು 6 ಮೀಟರ್‌ನಲ್ಲಿ ಕಾಣುತ್ತದೆ. ಅವರಿಗೆ ಸಿಗುವುದು ಒಂದು ಸೆಕೆಂಡ್. ಅಷ್ಟರಲ್ಲಿ ಬಸ್ಸು ಮುಂದೆ ಹೋಗಿರುತ್ತದೆ. ಪಕ್ಕದಲ್ಲಿ ನಿಂತವರನ್ನು "ಇದು ಯಾವ ಬಸ್ಸು?" ಎಂದು ಕೇಳಬೇಕು, ನೋಡಲು ಚೆನ್ನಾಗಿಯೇ ಇರುವ ಕಣ್ಣಿನವರು ಹೀಗೆ ಕೇಳಿದಾಗ ಅಕ್ಷರ ಬಾರದವರೆಂದು ತಿಳಿಯುವವರೇ ಹೆಚ್ಚು.

ಇವರ ಕೈಯಲ್ಲಿ ನಾಲ್ಕು ಪಟ್ಟು ಹಿಗ್ಗಿಸುವ ಒಂಟಿಕಣ್ಣಿನ ಪುಟ್ಟ ದೂರದರ್ಶಕ ಅಥವಾ ಮಾನೋಕ್ಯುಲರ್ ಇದ್ದಲ್ಲಿ ಫಲಕವು 24 ಮೀಟರ್‌ನಿಂದ ಓದಲು ಬರುತ್ತದೆ. ನಾಲ್ಕು ಸೆಕೆಂಡಿಗಿಂತ ತುಸು ಹೆಚ್ಚು ಸಮಯ ದೊರೆಯುತ್ತದೆ. ಹನ್ನೊಂದು ಸೆಕೆಂಡ್ ಅಲ್ಲದಿದ್ದರೂ ಕೈ ಎತ್ತಲು ಅಷ್ಟು ಸಾಕು. ಸಾಧನವು ದೃಷ್ಟಿಯನ್ನು ಹಿಂದಕ್ಕೆ ತರಲಿಲ್ಲ. ಒಂದು ನಿರ್ದಿಷ್ಟ ಕೆಲಸಕ್ಕೆ ಬೇಕಾದ ಸಮಯವನ್ನು ಒದಗಿಸಿತು. ಆದರೆ ದೂರದರ್ಶಕದ ಮೂಲಕ ಕಾಣುವ ಜಾಗ ಬಹಳ ಕಿರಿದು. ಬರುತ್ತಿರುವ ಬಸ್ಸನ್ನು ಮೊದಲು ಬರಿಗಣ್ಣಿನಿಂದ ಹಿಡಿದು, ನಂತರ ದೂರದರ್ಶಕವನ್ನು ಕಣ್ಣಿಗೆ ತಂದು, ಫಲಕವಿರುವ ಎತ್ತರಕ್ಕೆ ನಿಲ್ಲಿಸಿ, ಫೋಕಸ್ ತಿರುಗಿಸುವುದು ಕಲಿಯಬೇಕಾದ ವಿದ್ಯೆ. ಅದನ್ನು ಕಲಿಸದೆ ಸಾಧನವನ್ನಷ್ಟೇ ವಿತರಿಸಿದಲ್ಲಿ ಆ ನಾಲ್ಕು ಸೆಕೆಂಡೂ ಹುಡುಕಾಟದಲ್ಲೇ ಕಳೆದುಹೋಗುತ್ತದೆ. ದೂರದರ್ಶಕವನ್ನು ನಿಂತಲ್ಲಿ ಮಾತ್ರ ಬಳಸತಕ್ಕದ್ದು. ಕಣ್ಣಿಗೆ ಹಿಡಿದು ನಡೆಯುವುದು ಅಪಾಯಕರ.

ನೋಟವು ಕೆಡುವ ಬಗೆಗಳು

ಮಂದದೃಷ್ಟಿಯುಳ್ಳ ಇಬ್ಬರಿಗೆ ಒಂದೇ ಸಾಧನ ಹೊಂದುವುದಿಲ್ಲ. ಅಕ್ಷಿಪಟಲದ ನಡುಭಾಗವು ಹಾಳಾದಾಗ, ಉದಾಹರಣೆಗೆ ವಯೋಸಹಜ ಮ್ಯಾಕ್ಯುಲಾ ಕ್ಷಯದಲ್ಲಿ, ನೋಡಿದ ಕಡೆಯೇ ಮಸುಕು ಕಲೆ ಕೂರುತ್ತದೆ. ಇಂತಹವರು ಅಂಗಳದಲ್ಲಿ ತಿರುಗಾಡಬಲ್ಲರು, ಬಾವಿಕಟ್ಟೆಯನ್ನು ತಪ್ಪಿಸಿ ನಡೆಯಬಲ್ಲರು. ಎದುರು ನಿಂತ ಮೊಮ್ಮಗಳ ಮುಖ ಮಾತ್ರ ತಿಳಿಯದು. ಗ್ಲಾಕೋಮಾ ಮತ್ತು ರೆಟಿನೈಟಿಸ್ ಪಿಗ್ಮೆಂಟೋಸಾ ರೋಗಗಳಲ್ಲಿ ಇದಕ್ಕೆ ತದ್ವಿರುದ್ಧವಾಗಿ ಅಂಚಿನ ನೋಟ ಹೋಗಿ, ಕೊಳವೆಯೊಳಗಿಂದ ನೋಡಿದಂತೆ ನಡುವಿನ ಚೂರು ಉಳಿಯುತ್ತದೆ. ಇವರು ಪಂಚಾಂಗದ ಸಣ್ಣ ಅಕ್ಷರವನ್ನು ಓದಿ ಹೇಳಿ, ಎದ್ದು ಹೊರಟಾಗ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಳ್ಳುತ್ತಾರೆ. ಎರಡನೆಯ ರೋಗದಲ್ಲಿ ಮೊದಲ ಲಕ್ಷಣ ಸಾಮಾನ್ಯವಾಗಿ ಇರುಳುಗುರುಡು. ಇದು ವಂಶವಾಹಿ ಕಾಯಿಲೆಯಾಗಿದ್ದು, ಇದರ ಕೆಲವು ಬಗೆಗಳು ಸೋದರ ಸಂಬಂಧದ ಮದುವೆಗಳಿರುವ ಕುಟುಂಬಗಳಲ್ಲಿ ಹೆಚ್ಚಾಗಿ ಕಂಡುಬರುತ್ತವೆ. ಮಧುಮೇಹದಿಂದಾಗುವ ಹಾನಿಯಲ್ಲಿ ನೋಟವು ಅಲ್ಲಲ್ಲಿ ಹರಿದ ಬಟ್ಟೆಯಂತಾಗಿ ದಿನದಿಂದ ದಿನಕ್ಕೆ ಬದಲಾಗುವುದೂ ಉಂಟು.

ಅಂಚಿನ ನೋಟ ಹೋದವರಿಗೆ ಹೆಚ್ಚು ಶಕ್ತಿಯ ಭೂತಗನ್ನಡಿ ಕೊಡುವುದು ಸಾಮಾನ್ಯವಾಗಿ ಪ್ರಯೋಜನಕ್ಕೆ ಬಾರದು. ಅಕ್ಷರವನ್ನು ಹಿಗ್ಗಿಸಿದಷ್ಟೂ ಉಳಿದಿರುವ ಕಿಂಡಿಯಲ್ಲಿ ಹಿಡಿಯುವ ಅಕ್ಷರಗಳು ಕಡಿಮೆಯಾಗುತ್ತವೆ. ಶಿಬಿರಗಳಲ್ಲಿ ಎಲ್ಲರಿಗೂ ಒಂದೇ ಬಗೆಯ ಸಾಧನ ಹಂಚಿದಾಗ ಅದು ಮನೆಯ ಅಟ್ಟ ಸೇರುವುದಕ್ಕೆ ಇದೊಂದು ಮುಖ್ಯ ಕಾರಣ.

ಫಲಕದ ಅಕ್ಷರ ಓದಿಸುವ ಪರೀಕ್ಷೆಯಲ್ಲಿ ಗೋಚರಿಸದ ಮತ್ತೊಂದು ನಷ್ಟವಿದೆ: ಬಣ್ಣಗಳ ನಡುವಣ ಅಂತರವನ್ನು, ಅಂದರೆ ಕಾಂಟ್ರಾಸ್ಟನ್ನು, ಗುರುತಿಸುವ ಶಕ್ತಿ ಕುಂದುವುದು. ಬಿಳಿ ಹಲಗೆಯ ಮೇಲಿನ ಕಪ್ಪು ಅಕ್ಷರ ಕಾಣುತ್ತದೆ. ಬೂದು ಬಣ್ಣದ ಮೆಟ್ಟಿಲಿನ ಬೂದು ಅಂಚು ಕಾಣುವುದಿಲ್ಲ. ಇದನ್ನು ಅಳೆಯಲು 1988ರಲ್ಲಿ ರೂಪಿಸಲಾದ ಪೆಲ್ಲಿ-ರಾಬ್ಸನ್ ಫಲಕವಿದೆ. ಅದರಲ್ಲಿ ಅಕ್ಷರಗಳು ಚಿಕ್ಕದಾಗುವುದಿಲ್ಲ, ಮಾಸುತ್ತಾ ಹೋಗುತ್ತವೆ. ಬಿಸಿಲಿನ ಝಳಕ್ಕೆ ಕಣ್ಣು ಕುಕ್ಕುವುದೂ ಇದೇ ಗುಂಪಿಗೆ ಸೇರಿದ ತೊಂದರೆ. ಹುಟ್ಟಿನಿಂದಲೇ ಮೈಬಣ್ಣವಿಲ್ಲದ ಆಲ್ಬಿನಿಸಂ ಸ್ಥಿತಿಯ ಮಕ್ಕಳು ಏಪ್ರಿಲ್‌ನ ಬಿಸಿಲಿನಲ್ಲಿ ಕಣ್ಣು ಬಿಡಲಾರರು, ಆದರೆ ಮಳೆಗಾಲದ ಮೋಡದ ಬೆಳಕಿನಲ್ಲಿ ನಿರಾಳವಾಗಿರುತ್ತಾರೆ. ಇರುಳುಗುರುಡು ಇರುವವರಿಗೆ ಮಲೆನಾಡಿನ ಅದೇ ಮಳೆಗಾಲವು ನಾಲ್ಕು ತಿಂಗಳ ಮುಸ್ಸಂಜೆಯಿದ್ದಂತೆ.

ಸಾಧನಗಳು ಮತ್ತು ಅವುಗಳ ಬಳಕೆ

ವಸ್ತುವನ್ನು ಕಣ್ಣಿನ ಹತ್ತಿರಕ್ಕೆ ತರುವುದೇ ಅತ್ಯಂತ ಸರಳವಾದ ಹಿಗ್ಗಿಸುವಿಕೆ. 40 ಸೆಂಟಿಮೀಟರ್ ದೂರದ ಪುಸ್ತಕವನ್ನು 10 ಸೆಂಟಿಮೀಟರ್‌ಗೆ ತಂದರೆ ಅಕ್ಷರವು ಕಣ್ಣಿಗೆ ನಾಲ್ಕು ಪಟ್ಟು ದೊಡ್ಡದಾಗುತ್ತದೆ. ಮಕ್ಕಳ ಕಣ್ಣಿಗೆ ಹತ್ತಿರದ ವಸ್ತುವನ್ನು ಸ್ಪಷ್ಟಗೊಳಿಸುವ ಸ್ವಾಭಾವಿಕ ಶಕ್ತಿಯಿರುವುದರಿಂದ ಮಂದದೃಷ್ಟಿಯ ಮಗು ಪುಸ್ತಕವನ್ನು ಮೂಗಿಗೆ ತಾಗಿಸಿ ಓದುವುದು ಸಹಜ. ಹೀಗೆ ಓದಿದರೆ ಇರುವ ಕಣ್ಣೂ ಹೋಗುತ್ತದೆಂದು ಮನೆಯಲ್ಲಿಯೂ ಶಾಲೆಯಲ್ಲಿಯೂ ಗದರಿಸುವ ರೂಢಿಯಿದೆ. ಇದು ತಪ್ಪು ತಿಳಿವಳಿಕೆ. ಹತ್ತಿರ ಹಿಡಿದು ಓದುವುದರಿಂದ ಈ ಮಕ್ಕಳ ಉಳಿದ ದೃಷ್ಟಿಗೆ ಹಾನಿಯಾಗುವುದಿಲ್ಲ. ಗದರಿಸಿ ಬಿಡಿಸುವುದರಿಂದ ಓದಿಗೆ ಖಂಡಿತ ಹಾನಿಯಾಗುತ್ತದೆ.

ವಯಸ್ಸಾದಂತೆ ಈ ಸ್ವಾಭಾವಿಕ ಶಕ್ತಿ ಕುಂದುವುದರಿಂದ ಮಸೂರ ಬೇಕಾಗುತ್ತದೆ. ಮಸೂರದ ಪವರನ್ನು ನಾಲ್ಕರಿಂದ ಭಾಗಿಸಿದರೆ ಅದು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು ತಿಳಿಯುತ್ತದೆ. ನೂರನ್ನು ಪವರಿನಿಂದ ಭಾಗಿಸಿದರೆ ಎಷ್ಟು ಸೆಂಟಿಮೀಟರ್ ದೂರದಲ್ಲಿ ಹಿಡಿಯಬೇಕೆಂಬುದು ತಿಳಿಯುತ್ತದೆ. 8 ಪವರಿನ ಮಸೂರ ಎರಡು ಪಟ್ಟು, ಹಿಡಿಯುವ ದೂರ ಹನ್ನೆರಡೂವರೆ ಸೆಂಟಿಮೀಟರ್. 20 ಪವರಿನದು ಐದು ಪಟ್ಟು, ದೂರ ಕೇವಲ 5 ಸೆಂಟಿಮೀಟರ್. ಹೆಚ್ಚು ಪವರ್ ಎಂದರೆ ಹೆಚ್ಚು ಒಳ್ಳೆಯದು ಎಂಬ ಭಾವನೆ ವ್ಯಾಪಕವಾಗಿದೆ. ಪವರ್ ಹೆಚ್ಚಿದಂತೆ ಕಾಣುವ ಜಾಗ ಕಿರಿದಾಗುತ್ತದೆ, ಪುಸ್ತಕ ಮುಖಕ್ಕೆ ಅಂಟುತ್ತದೆ, ದೀಪದ ಬೆಳಕಿಗೆ ತಲೆಯೇ ಅಡ್ಡ ಬರುತ್ತದೆ. ಕೆಲಸ ಸಾಗುವಷ್ಟು ಅತಿ ಕಡಿಮೆ ಪವರನ್ನು ಆರಿಸುವುದೇ ಸರಿಯಾದ ಕ್ರಮ.

ಕೈಯಲ್ಲಿ ಹಿಡಿಯುವ ಭೂತಗನ್ನಡಿಯು ಬೆಲೆಪಟ್ಟಿ, ಔಷಧದ ಚೀಟಿ, ಪಡಿತರ ಚೀಟಿಗಳಂತಹ ಕಿರು ಓದಿಗೆ ತಕ್ಕದ್ದು. ಕೈ ನಡುಗುವವರಿಗೆ ಕಾಲುಗಳಿರುವ, ಹಾಳೆಯ ಮೇಲೆ ಇಟ್ಟು ಸರಿಸುವ ಭೂತಗನ್ನಡಿ ಒಳ್ಳೆಯದು. ಎರಡೂ ಕೈಗಳು ಬಿಡುವಾಗಿರಬೇಕಾದ ಹೊಲಿಗೆ, ಹೂ ಕಟ್ಟುವುದು, ಅಕ್ಕಿ ಆರಿಸುವುದು ಮುಂತಾದ ಕೆಲಸಗಳಿಗೆ ಹೆಚ್ಚು ಪವರಿನ ಕನ್ನಡಕವನ್ನೇ ನೀಡಲಾಗುತ್ತದೆ. ಕ್ಯಾಮೆರಾದಿಂದ ಹಿಡಿದು ಪರದೆಯ ಮೇಲೆ ಹಿಗ್ಗಿಸಿ ತೋರಿಸುವ ವಿದ್ಯುನ್ಮಾನ ಸಾಧನಗಳು ದುಬಾರಿಯಾದರೂ ಕಾಂಟ್ರಾಸ್ಟ್ ಹೆಚ್ಚಿಸುವ, ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ತೋರಿಸುವ ಅನುಕೂಲ ಅವುಗಳಲ್ಲಿದೆ. ಈ ಕೆಲಸದ ಹೆಚ್ಚಿನ ಪಾಲನ್ನು ಈಗ ಸ್ಮಾರ್ಟ್‌ಫೋನೇ ಮಾಡುತ್ತದೆ. ಕನ್ನಡ ಪಠ್ಯವನ್ನು ಧ್ವನಿಯಾಗಿ ಓದುವ ಸೌಲಭ್ಯವೂ ಅದರಲ್ಲಿ ಲಭ್ಯವಿದೆ.

ಹಣ ಖರ್ಚಿಲ್ಲದ ಸಾಧನಗಳನ್ನು ಕಡೆಗಣಿಸಬಾರದು. ದೀಪವನ್ನು ಪುಸ್ತಕದ ಅರ್ಧ ದೂರಕ್ಕೆ ತಂದರೆ ಬೀಳುವ ಬೆಳಕು ನಾಲ್ಕು ಪಟ್ಟಾಗುತ್ತದೆ; ಚಾವಣಿಯ ದೊಡ್ಡ ದೀಪಕ್ಕಿಂತ ಭುಜದ ಹಿಂದಿನ ಸಣ್ಣ ದೀಪ ಮೇಲು. ಕಪ್ಪು ರಟ್ಟಿನಲ್ಲಿ ಒಂದು ಸಾಲು ಕಾಣುವಷ್ಟು ಸೀಳು ಮಾಡಿ ಪುಟದ ಮೇಲಿಟ್ಟರೆ ಸಾಲು ತಪ್ಪುವುದಿಲ್ಲ, ಕಾಗದದ ಝಳವೂ ತಗ್ಗುತ್ತದೆ. ಅಗಲ ಅಂಚಿನ ಟೋಪಿ ಬಿಸಿಲಿಗೆ ಉತ್ತಮ ಸಾಧನ. ಅಡುಗೆಮನೆಯಲ್ಲಿ ಸ್ಟೀಲ್ ಲೋಟಕ್ಕೆ ಕಾಫಿ ಬಗ್ಗಿಸುವಾಗ ಅಂಚು ತಿಳಿಯದಿದ್ದಲ್ಲಿ ಒಳಗೆ ಬಿಳಿಯಾಗಿರುವ ಲೋಟ ಬಳಸಬಹುದು. ಬಿಳಿ ತಟ್ಟೆಯ ಮೇಲಿನ ಮೊಸರನ್ನ ಕಾಣದು, ಬಾಳೆ ಎಲೆಯ ಮೇಲಿನದು ಕಾಣುತ್ತದೆ. ಕೆಂಪು ಗಾರೆಯ ನೆಲದಲ್ಲಿ ಕೆಂಪು ಮೆಟ್ಟಿಲಿರುವ ಹಳೆಯ ಮನೆಗಳಲ್ಲಿ ಮೆಟ್ಟಿಲಿನ ಅಂಚಿಗೆ ಎರಡು ಬೆರಳಗಲ ಹಳದಿ ಬಣ್ಣ ಬಳಿದರೆ ಬೀಳುವುದು ತಪ್ಪುತ್ತದೆ. ಹೊಸ್ತಿಲಿಗೆ ಅರಿಶಿನ ಹಚ್ಚುವ ಪದ್ಧತಿಯ ಉದ್ದೇಶ ಬೇರೆಯಾದರೂ ಮಂದದೃಷ್ಟಿಯವರ ಪಾಲಿಗೆ ಅದು ಇದೇ ಕೆಲಸವನ್ನು ಮಾಡುತ್ತಾ ಬಂದಿದೆ.

ಕನ್ನಡ ಲಿಪಿಯ ವಿಶೇಷ

ಇಂಗ್ಲಿಷ್ ಅಕ್ಷರಗಳ ಫಲಕದಲ್ಲಿ ಪರೀಕ್ಷಿಸಿ ಕೊಟ್ಟ ಸಾಧನ ಕನ್ನಡ ಓದಿಗೆ ಸಾಲದೆ ಹೋಗಬಹುದು. ಕನ್ನಡದಲ್ಲಿ ದ ಮತ್ತು ಧ, ಪ ಮತ್ತು ಫ, ಬ ಮತ್ತು ಭ ಇವುಗಳ ವ್ಯತ್ಯಾಸ ಬುಡದ ಒಂದು ಸಣ್ಣ ಸೀಳಿನಲ್ಲಿದೆ. ರ ಮತ್ತು ಠ ಇವುಗಳದು ಒಂದು ಚುಕ್ಕೆಯಲ್ಲಿ. ಒತ್ತಕ್ಷರಗಳು ಮೂಲ ಅಕ್ಷರಕ್ಕಿಂತ ಚಿಕ್ಕದಾಗಿ ಕೆಳಗೆ ಕುಳಿತಿರುತ್ತವೆ. ಒತ್ತು ಕಾಣದಿದ್ದರೆ ಹಳ್ಳಿಯು ಹಳಿಯಾಗುತ್ತದೆ, ಕತ್ತೆಯು ಕತೆಯಾಗುತ್ತದೆ. ಸಾಲುಗಳ ನಡುವೆ ಅಂತರ ಕಡಿಮೆಯಿದ್ದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಕೆಡುತ್ತವೆ. ಆದುದರಿಂದ ಕನ್ನಡ ಓದಿಗೆ ಮುಖ್ಯ ಅಕ್ಷರವಲ್ಲ, ಒತ್ತಕ್ಷರವು ಸ್ಪಷ್ಟವಾಗುವಷ್ಟು ಹಿಗ್ಗಿಸಬೇಕು. ಶಾಲೆಗಳಲ್ಲಿ ದೊಡ್ಡಕ್ಷರದ ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು ಅಕ್ಷರದ ಗಾತ್ರದೊಂದಿಗೆ ಸಾಲಿನ ಅಂತರವನ್ನೂ ಹೆಚ್ಚಿಸತಕ್ಕದ್ದು. ಪರೀಕ್ಷೆಗೆ ಬರುವವರು ಕನ್ನಡದ ಓದುವ ಫಲಕದಲ್ಲಿಯೇ ಪರೀಕ್ಷಿಸುವಂತೆ ಕೋರಬಹುದು.

ಜೀವನ ಗುಣಮಟ್ಟವನ್ನು ಅಳೆಯುವ ಬಗೆ

ಸಾಧನದಿಂದ ಪ್ರಯೋಜನವಾಯಿತೇ ಎಂಬುದನ್ನು ಫಲಕದ ಸಾಲುಗಳಿಂದ ತೀರ್ಮಾನಿಸಲಾಗದು. ಅದಕ್ಕಾಗಿ ಪ್ರಶ್ನಾವಳಿಗಳಿವೆ. ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯ 25 ಪ್ರಶ್ನೆಗಳ ಪಟ್ಟಿ ಪ್ರಸಿದ್ಧವಾದುದು. ಆದರೆ ಅದರಲ್ಲಿ ಕಾರು ಓಡಿಸುವ ಬಗ್ಗೆ ಪ್ರಶ್ನೆಗಳಿವೆ. ನಮ್ಮ ಜಿಲ್ಲೆಯ ಬಹುತೇಕ ಹಿರಿಯ ಮಹಿಳೆಯರಿಗೆ ಅದರ ಸಂಬಂಧವೇ ಇಲ್ಲ. ಭಾರತದ ರೋಗಿಗಳ ಮಾತುಗಳನ್ನೇ ಆಧರಿಸಿ ರೂಪಿಸಲಾದ 33 ಪ್ರಶ್ನೆಗಳ ಪಟ್ಟಿಯಲ್ಲಿ ದಿನನಿತ್ಯದ ಕೆಲಸ, ಮನಸ್ಸು ಮತ್ತು ಸಮಾಜ, ಹಾಗೂ ಕಣ್ಣಿನ ತೊಂದರೆಗಳು ಎಂಬ ಮೂರು ಭಾಗಗಳಿವೆ.

ಶಿವಮೊಗ್ಗ ಹಾಗೂ ಭದ್ರಾವತಿಯ ಮಟ್ಟಿಗೆ ಕೇಳಬೇಕಾದ ಪ್ರಶ್ನೆಗಳನ್ನು ಊಹಿಸುವುದು ಕಷ್ಟವಲ್ಲ. ಪಹಣಿಯಲ್ಲಿನ ಹೆಸರನ್ನು ತಾವೇ ಓದಿ ಸಹಿ ಹಾಕಬಲ್ಲರೇ? ಸುಗ್ಗಿಯ ಕಾಲದಲ್ಲಿ ಎಲ್ಲರೊಡನೆ ಕುಳಿತು ಅಡಿಕೆ ಸುಲಿಯಬಲ್ಲರೇ? ಕಾರ್ಖಾನೆಯಿಂದ ನಿವೃತ್ತರಾದ ಭದ್ರಾವತಿಯ ಹಿರಿಯರೊಬ್ಬರು ಪಿಂಚಣಿ ಪುಸ್ತಕದ ಮೊತ್ತವನ್ನು ಮಗನಿಗೆ ತೋರಿಸದೆ ತಿಳಿಯಬಲ್ಲರೇ? ಇವುಗಳಲ್ಲಿ ಕೊನೆಯದು ಸಣ್ಣ ವಿಷಯವೆಂದು ತೋರಬಹುದು. ಆದರೆ ಹಣಕಾಸು ಮತ್ತು ಸಹಿಯ ವಿಷಯದಲ್ಲಿ ಪರಾಧೀನರಾಗುವುದು ದೃಷ್ಟಿನಷ್ಟದ ಅತ್ಯಂತ ಕಹಿಯಾದ ಪರಿಣಾಮಗಳಲ್ಲೊಂದು.

ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆಯೂ ಇದೆ. ಮಧುಮೇಹದಿಂದ ದೃಷ್ಟಿ ಕುಂದಿದವರಲ್ಲಿ ಅನೇಕರು ಇನ್ಸುಲಿನ್ ಚುಚ್ಚಿಕೊಳ್ಳುವವರು. ಇನ್ಸುಲಿನ್ ಒಂದು ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್ ಎಂಬ ಎರಡು ಸಾಂದ್ರತೆಗಳಲ್ಲಿ ದೊರೆಯುತ್ತದೆ. ಅವುಗಳ ಸಿರಿಂಜುಗಳ ಮುಚ್ಚಳ ಕ್ರಮವಾಗಿ ಕೆಂಪು ಮತ್ತು ಕಿತ್ತಳೆ. ಮಂದದೃಷ್ಟಿಯವರಿಗೆ ಈ ಎರಡು ಬಣ್ಣಗಳು ಒಂದೇ. 100ರ ಔಷಧವನ್ನು 40ರ ಸಿರಿಂಜಿನಲ್ಲಿ ತುಂಬಿದರೆ ಎರಡೂವರೆ ಪಟ್ಟು ಇನ್ಸುಲಿನ್ ದೇಹಕ್ಕೆ ಹೋಗುತ್ತದೆ. ಸಕ್ಕರೆ ಪ್ರಮಾಣ ಕುಸಿದು ಪ್ರಜ್ಞೆ ತಪ್ಪುವ, ಪ್ರಾಣಾಪಾಯವಾಗುವ ಸಂಭವವಿದೆ. ಇವರಿಗೆ ಸಿರಿಂಜಿಗೆ ಸಿಕ್ಕಿಸುವ ಭೂತಗನ್ನಡಿ, ಅಥವಾ ತಿರುಗಿಸಿದಾಗ ಒಂದೊಂದು ಯೂನಿಟ್ಟಿಗೂ ಟಿಕ್ ಎಂದು ಸದ್ದು ಮಾಡುವ ಇನ್ಸುಲಿನ್ ಪೆನ್ನು ಸೂಕ್ತ. ಯಾವುದನ್ನು ಬಳಸಬೇಕೆಂಬುದನ್ನು ವೈದ್ಯರಲ್ಲಿ ವಿಚಾರಿಸಿಯೇ ಬದಲಾಯಿಸತಕ್ಕದ್ದು.

ತರಬೇತಿಯ ಮಹತ್ವ

ಸಾಧನದ ಜೊತೆಗೆ ತರಬೇತಿ ಅವಶ್ಯವೇ ಎಂಬ ಪ್ರಶ್ನೆಗೆ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ಎರಡು ಅಧ್ಯಯನಗಳು ಉತ್ತರ ನೀಡಿವೆ. 2008ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ ಅಕ್ಷಿಪಟಲದ ನಡುಭಾಗ ಹಾಳಾದ 126 ಜನರ ಪೈಕಿ ಒಂದು ಗುಂಪಿಗೆ ಸಾಧನ, ವಾರವಾರದ ತರಬೇತಿ, ಮನೆಗೆಲಸದ ಅಭ್ಯಾಸ ಮತ್ತು ಒಂದು ಮನೆಭೇಟಿ ನೀಡಲಾಯಿತು. ಇನ್ನೊಂದು ಗುಂಪು ನಾಲ್ಕು ತಿಂಗಳು ಸರದಿಯಲ್ಲಿ ಕಾಯಿತು. ಮೊದಲ ಗುಂಪಿನ ಓದುವ ಸಾಮರ್ಥ್ಯ ಗಣನೀಯವಾಗಿ ಏರಿತು, ಕಾಯುತ್ತಿದ್ದವರದು ಇನ್ನಷ್ಟು ಇಳಿಯಿತು. 2017ರ ಎರಡನೆಯ ಅಧ್ಯಯನದಲ್ಲಿ ಸಾಧನವನ್ನಷ್ಟೇ ಪಡೆದವರನ್ನು ತರಬೇತಿಯನ್ನೂ ಪಡೆದವರೊಂದಿಗೆ ಹೋಲಿಸಲಾಯಿತು. ದೃಷ್ಟಿ ಸ್ವಲ್ಪವೇ ಕುಂದಿದವರಲ್ಲಿ ಇಬ್ಬರಿಗೂ ಅಂತರ ಕಾಣಲಿಲ್ಲ. ಹೆಚ್ಚು ಕುಂದಿದವರಲ್ಲಿ ತರಬೇತಿ ಪಡೆದವರೇ ಮುಂದಿದ್ದರು. ಅಂದರೆ ಎಲ್ಲರಿಗೂ ದೀರ್ಘ ತರಬೇತಿ ಬೇಕಿಲ್ಲ, ಆದರೆ ಅತಿ ಹೆಚ್ಚು ಅಗತ್ಯವಿರುವವರಿಗೆ ಸಾಧನವೊಂದೇ ಸಾಲದು.

ತರಬೇತಿಯಲ್ಲಿ ಕಲಿಸುವ ಒಂದು ಮುಖ್ಯ ವಿಷಯವೆಂದರೆ ಓರೆನೋಟ. ನಡುವಿನ ನೋಟ ಹೋದವರು ವಸ್ತುವಿನ ತುಸು ಮೇಲೆ ಅಥವಾ ಪಕ್ಕಕ್ಕೆ ನೋಡಿದಾಗ ಅಕ್ಷಿಪಟಲದ ಆರೋಗ್ಯವಂತ ಭಾಗದಲ್ಲಿ ಬಿಂಬ ಮೂಡುತ್ತದೆ. ಮನೆಯವರು "ಮಾತನಾಡುವಾಗ ಮುಖ ನೋಡುವುದಿಲ್ಲ" ಎಂದು ದೂರುವುದುಂಟು. ಅವರು ಮುಖವನ್ನು ನೋಡುವ ಸಲುವಾಗಿಯೇ ಕಣ್ಣನ್ನು ಪಕ್ಕಕ್ಕೆ ಸರಿಸಿರುತ್ತಾರೆ.

ಮನೆಯವರು ತಿಳಿದಿರಬೇಕಾದ ವಿಷಯಗಳು

ಮಂದದೃಷ್ಟಿಯವರನ್ನು ನಟನೆ ಮಾಡುವವರೆಂದು ಅನುಮಾನಿಸುವುದು ಸಾಮಾನ್ಯ. ನೆಲಕ್ಕೆ ಬಿದ್ದ ನಾಣ್ಯ ಕಂಡವರಿಗೆ ಎದುರಿಗೆ ಬಂದ ನೆಂಟರು ಕಾಣಲಿಲ್ಲವೇ ಎಂಬ ಮಾತು ಹುಟ್ಟುತ್ತದೆ. ಬೆಳಕು, ಬಣ್ಣ, ಕೋನಗಳಿಗೆ ಅನುಸಾರವಾಗಿ ಅವರಿಗೆ ಒಂದು ಕಂಡು ಇನ್ನೊಂದು ಕಾಣದಿರುವುದು ಸಹಜ. ಬಿಳಿ ಕೋಲು ಹಿಡಿದರೆ ಪೂರ್ಣ ಅಂಧರೆಂದು ತಿಳಿದು, ಅವರು ಮೊಬೈಲ್ ನೋಡಿದೊಡನೆ ಮೋಸಗಾರರೆನ್ನುವವರೂ ಇದ್ದಾರೆ. ಬಿಳಿ ಕೋಲು ಮಂದದೃಷ್ಟಿಯವರಿಗೂ ಉಪಯುಕ್ತ. ಅರ್ಜೆಂಟೀನಾ ದೇಶವು ಈ ಗೊಂದಲ ತಪ್ಪಿಸಲು ಮಂದದೃಷ್ಟಿಯವರ ಹಸಿರು ಕೋಲಿಗೆ 2002ರಲ್ಲಿ ಕಾನೂನಿನ ಮಾನ್ಯತೆ ನೀಡಿತು. ನಮ್ಮಲ್ಲಿ ಅಂತಹ ಪ್ರತ್ಯೇಕ ಕೋಲಿನ ರೂಢಿ ಇಲ್ಲ.

ದೃಷ್ಟಿ ಬಹಳವಾಗಿ ಕುಂದಿದವರಲ್ಲಿ ಕೆಲವರಿಗೆ ಇಲ್ಲದ ಆಕೃತಿಗಳು ಕಾಣುತ್ತವೆ: ಗೋಡೆಯ ಮೇಲೆ ಹೂಬಳ್ಳಿ, ಜಗಲಿಯಲ್ಲಿ ಸಾಲಾಗಿ ಕುಳಿತ ಮಕ್ಕಳು, ಬಣ್ಣದ ಪೇಟ ತೊಟ್ಟ ಅಪರಿಚಿತರು. ಇದಕ್ಕೆ ಚಾರ್ಲ್ಸ್ ಬಾನೆಟ್ ಲಕ್ಷಣಕೂಟ ಎಂದು ಹೆಸರು. ಹದಿನೆಂಟನೆಯ ಶತಮಾನದ ಸ್ವಿಸ್ ವಿದ್ವಾಂಸ ಬಾನೆಟ್ ತನ್ನ ಅಜ್ಜನ ಅನುಭವವನ್ನು ದಾಖಲಿಸಿದ್ದನು. ಕಣ್ಣಿನಿಂದ ಬರುವ ಸಂಕೇತ ಕಡಿಮೆಯಾದಾಗ ಮೆದುಳು ತಾನೇ ಚಿತ್ರಗಳನ್ನು ಮೂಡಿಸುವುದರಿಂದ ಹೀಗಾಗುತ್ತದೆ. ಇದು ಬುದ್ಧಿಭ್ರಮಣೆಯೂ ಅಲ್ಲ, ಗಾಳಿ ಸೋಂಕಿದ್ದೂ ಅಲ್ಲ. ಹುಚ್ಚೆಂದು ತಿಳಿದಾರೆಂಬ ಭಯದಿಂದ ಹಿರಿಯರು ಇದನ್ನು ಯಾರಿಗೂ ಹೇಳುವುದಿಲ್ಲ. ಕಾರಣ ತಿಳಿಸಿದರೆ ಬಹುತೇಕರ ಭಯ ಕಡಿಮೆಯಾಗುತ್ತದೆ. ಧ್ವನಿಗಳೂ ಕೇಳಿಸಿದಲ್ಲಿ ಅಥವಾ ಕಂಡದ್ದು ನಿಜವೆಂದೇ ನಂಬಿದಲ್ಲಿ ವೈದ್ಯರನ್ನು ಕಾಣತಕ್ಕದ್ದು. ದೃಷ್ಟಿ ಕಳೆದುಕೊಂಡವರಲ್ಲಿ ಖಿನ್ನತೆಯೂ ಹೆಚ್ಚು. ಸಾಧನವನ್ನು ಮುಟ್ಟದೆ ಮೂಲೆಯಲ್ಲಿಟ್ಟವರನ್ನು ಸೋಮಾರಿಗಳೆಂದು ಜರೆಯುವ ಮೊದಲು ಇದನ್ನು ಗಮನಿಸಬೇಕು.

ಪ್ರಮಾಣಪತ್ರ ಮತ್ತು ಸೌಲಭ್ಯಗಳು

ಸರ್ಕಾರಿ ಸೌಲಭ್ಯಗಳಿಗೆ ಶೇ. 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರ ಅಗತ್ಯ. ಎರಡೂ ಕಣ್ಣುಗಳಲ್ಲಿ ದೃಷ್ಟಿಯು 6/24 ರಿಂದ 6/60ರ ನಡುವೆ ಇದ್ದರೆ ಶೇ. 40 ಎಂದು ನಿಗದಿಯಾಗಿದೆ. ಒಂದು ಕಣ್ಣು ಸಂಪೂರ್ಣ ಹೋಗಿ ಇನ್ನೊಂದು 6/18 ಅಥವಾ ಅದಕ್ಕಿಂತ ಉತ್ತಮವಾಗಿದ್ದಲ್ಲಿ ಶೇ. 30 ಮಾತ್ರ. ಲೆಕ್ಕಕ್ಕೆ ಬರುವುದು ದೃಷ್ಟಿಯ ತೀಕ್ಷ್ಣತೆ ಮತ್ತು ವ್ಯಾಪ್ತಿ. ಕಾಂಟ್ರಾಸ್ಟ್ ಮತ್ತು ಝಳದ ತೊಂದರೆಗಳಿಗೆ ಅಂಕವಿಲ್ಲ. ಇದರಿಂದಾಗಿ ನಿಜವಾದ ಕಷ್ಟವಿದ್ದೂ ಪ್ರಮಾಣಪತ್ರ ದೊರೆಯದವರಿದ್ದಾರೆ. ಅವರಿಗೂ ಮೇಲೆ ಹೇಳಿದ ದೀಪ, ಬಣ್ಣ, ರಟ್ಟುಗಳ ಉಪಾಯಗಳು ಅನ್ವಯಿಸುತ್ತವೆ.

ಅರ್ಜಿಯನ್ನು ಸ್ವಾವಲಂಬನ್ ಜಾಲತಾಣದಲ್ಲಿ ಸಲ್ಲಿಸಿ ವಿಶಿಷ್ಟ ಗುರುತಿನ ಚೀಟಿ ಪಡೆಯಬಹುದು. ಶಿವಮೊಗ್ಗದಲ್ಲಿ ಮೆಗ್ಗಾನ್ ಬೋಧನಾ ಜಿಲ್ಲಾ ಆಸ್ಪತ್ರೆಯ ನೇತ್ರ ವಿಭಾಗವನ್ನು ಸಂಪರ್ಕಿಸಬಹುದು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಅರ್ಜಿಗೆ ನೆರವಾಗುತ್ತಾರೆ. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಡಿ ಮಂದದೃಷ್ಟಿ ಸಾಧನಗಳೂ ದೊರೆಯುತ್ತವೆ. ಆದಾಯ ಮಿತಿಯು ಕಾಲಕಾಲಕ್ಕೆ ಪರಿಷ್ಕೃತವಾಗುವುದರಿಂದ ಅರ್ಜಿಯ ಸಮಯದಲ್ಲಿ ವಿಚಾರಿಸಿಕೊಳ್ಳತಕ್ಕದ್ದು. ಒಮ್ಮೆ ಪಡೆದ ಸಾಧನವನ್ನು ಮತ್ತೆ ಪಡೆಯಲು ಮೂರು ವರ್ಷ ಕಾಯಬೇಕು. 12 ವರ್ಷದೊಳಗಿನ ಮಕ್ಕಳಿಗೆ ಒಂದು ವರ್ಷ. ಹೊಂದದ ಸಾಧನವನ್ನು ಅವಸರದಲ್ಲಿ ಸ್ವೀಕರಿಸಬಾರದೆಂಬುದಕ್ಕೆ ಇದೂ ಒಂದು ಕಾರಣ. ರೈಲ್ವೆ ರಿಯಾಯಿತಿಯು ದೃಷ್ಟಿ ಸಂಪೂರ್ಣವಾಗಿ ಇಲ್ಲದವರಿಗೆ ಮಾತ್ರ ಅನ್ವಯಿಸುತ್ತದೆ. ಶೇ. 40 ಅಥವಾ ಹೆಚ್ಚಿನ ಪ್ರಮಾಣಪತ್ರವಿರುವ ವಿದ್ಯಾರ್ಥಿಗಳಿಗೆ ಲಿಖಿತ ಪರೀಕ್ಷೆಯಲ್ಲಿ ಪ್ರತಿ ಗಂಟೆಗೆ 20 ನಿಮಿಷ ಹೆಚ್ಚುವರಿ ಕಾಲಾವಕಾಶವನ್ನು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯು ಕಲ್ಪಿಸಿದೆ. ಭೂತಗನ್ನಡಿಯಲ್ಲಿ ಒತ್ತಕ್ಷರ ಹುಡುಕುತ್ತಾ ಓದುವ ಮಗುವಿಗೆ ಈ 20 ನಿಮಿಷಗಳೇ ಉತ್ತೀರ್ಣ ಮತ್ತು ಅನುತ್ತೀರ್ಣಗಳ ನಡುವಿನ ಅಂತರವಾಗಬಹುದು. ಇದನ್ನು ಮುಖ್ಯೋಪಾಧ್ಯಾಯರು ಪರೀಕ್ಷೆಗೆ ಸಾಕಷ್ಟು ಮುಂಚಿತವಾಗಿಯೇ ಕೋರಿ ಬರೆಯಬೇಕು.

ಸಾಧನಕ್ಕಾಗಿ ಪರೀಕ್ಷೆಗೆ ಬರುವವರು ಹಳೆಯ ಕನ್ನಡಕ, ಆಸ್ಪತ್ರೆಯ ದಾಖಲೆ, ಆಧಾರ್ ಮತ್ತು ಆದಾಯ ಪ್ರಮಾಣಪತ್ರಗಳೊಂದಿಗೆ ತಾವು ಮಾಡಬಯಸುವ ಕೆಲಸದ ವಸ್ತುವನ್ನೂ ತರುವುದು ಒಳಿತು: ಓದಬೇಕಾದ ಪಠ್ಯಪುಸ್ತಕ, ಪಹಣಿಯ ಪ್ರತಿ, ಸೂಜಿ ದಾರ, ಇನ್ಸುಲಿನ್ ಸಿರಿಂಜು. ಸಾಧನವನ್ನು ಅದೇ ವಸ್ತುವಿನ ಮೇಲೆ ಅಲ್ಲಿಯೇ ಪ್ರಯತ್ನಿಸಿ ನೋಡಿ, ಕೆಲಸ ಸಾಗಿದಲ್ಲಿ ಮಾತ್ರ ಪಡೆಯತಕ್ಕದ್ದು. ಮನೆಯಲ್ಲಿ ಅಭ್ಯಾಸಕ್ಕೆ ನೆರವಾಗುವ ಒಬ್ಬರನ್ನು ಜೊತೆಗೆ ಕರೆತರುವುದು.